ಭಾರ ಹೊತ್ತ ಪಿಕಪ್‌ನ ಸಸ್ಪೆನ್ಷನ್ ಬದಲಿಸುವವರಿಗೆ: ಮೊದಲು ತೂಗಿ, ಆಮೇಲೆ ಪಾನಾ ಹಿಡಿಯಿರಿ

ನೀರೆತ್ತುವ ಪಂಪುಗಳನ್ನು ಅವು ಕೂತ ಜಾಗದಲ್ಲೇ ಬಿಚ್ಚಿ ರಿಪೇರಿ ಮಾಡುವುದು ನನ್ನ ಕೆಲಸ. ಹಾಗಾಗಿ ನನ್ನ ಫೋರ್ ವೀಲ್ ಡ್ರೈವ್ ಪಿಕಪ್ ಒಂದು ಓಡಾಡುವ ವರ್ಕ್‌ಶಾಪ್. ಹಿಂದಿನ ಡೆಕ್ಕಿನ ಮೇಲೆ ತಗಡಿನ ಗೂಡು. ಅದರೊಳಗೆ ಜನರೇಟರ್, ವೆಲ್ಡಿಂಗ್ ಸೆಟ್, ಚೈನ್ ಬ್ಲಾಕ್, ಉಪಕರಣದ ಪೆಟ್ಟಿಗೆಗಳು, ನೀರಿನ ಟ್ಯಾಂಕ್. ಇವುಗಳಲ್ಲಿ ಹೆಚ್ಚಿನವು ಯಾವತ್ತೂ ಕೆಳಗಿಳಿಯುವುದಿಲ್ಲ. ಡಾಂಬರು ಮುಗಿದ ಮೇಲೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಕಲ್ಲುಹಾದಿಯಲ್ಲಿ ಹೋಗುವುದು ವಾರಕ್ಕೆ ಎರಡು ಸಲವಾದರೂ ಇದ್ದದ್ದೇ.

ರಾತ್ರಿ ಎದುರು ಬರುವವರು ಪದೇ ಪದೇ ದೀಪ ಮಿಣುಕಿಸತೊಡಗಿದಾಗ ನಾನು ಮೊದಲು ಅನುಮಾನಿಸಿದ್ದು ಹೆಡ್‌ಲೈಟನ್ನು. ಅದು ಲೋ ಬೀಮ್‌ನಲ್ಲೇ ಇತ್ತು. ಬೆಳಗ್ಗೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿದೆ. ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ಹಿಂದಿನ ಹೌಸಿಂಗ್‌ಗೂ (ಹಿಂದಿನ ಆಕ್ಸಲ್‌ನ ಕಬ್ಬಿಣದ ಕವಚ) ಬಂಪ್ ಸ್ಟಾಪರ್‌ಗೂ (ಅದು ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ನಡುವೆ ಒಂದು ಬೆರಳು ಕಷ್ಟಪಟ್ಟು ತೂರುವಷ್ಟು ಜಾಗ. ಪ್ರತಿ ಗುಂಡಿಯಲ್ಲೂ ಕೇಳುತ್ತಿದ್ದ ಆ ದಢ್ ಎಂಬ ಸದ್ದು ಸಾಮಾನುಗಳದ್ದಲ್ಲ, ಕಬ್ಬಿಣ ರಬ್ಬರಿಗೆ ಬಡಿಯುತ್ತಿದ್ದ ಸದ್ದು ಎಂಬುದು ಆಗ ತಿಳಿಯಿತು.

ಮೊದಲ ಸಲ ಅವಸರಪಟ್ಟೆ. ಒಂದು ಗ್ಯಾರೇಜಿನಲ್ಲಿ ಹಿಂದಿನ ಲೀಫ್ ಸ್ಪ್ರಿಂಗ್‌ಗೆ, ಅಂದರೆ ಉದ್ದನೆಯ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಕಟ್ಟಿಗೆ, ಎರಡೂ ಕಡೆ ಎರಡೆರಡು ಪ್ಲೇಟು ಹೆಚ್ಚಿಗೆ ಸೇರಿಸಿದರು. ಗಾಡಿ ಮೇಲೆದ್ದಿತು, ನಾನೂ ಖುಷಿಪಟ್ಟೆ. ನಾಲ್ಕು ತಿಂಗಳೊಳಗೆ ಹಳೆಯ ಶಾಕ್ ಅಬ್ಸಾರ್ಬರ್‌ಗಳು ಎಣ್ಣೆ ಕಾರಿದವು. ಕಟ್ಟನ್ನು ಹೌಸಿಂಗ್‌ಗೆ ಬಿಗಿಯುವ ಹಳೆಯ ಯು-ಬೋಲ್ಟ್‌ಗಳನ್ನೇ ಮರಳಿ ಹಾಕಿದ್ದರಿಂದ ಅವು ಸಡಿಲಗೊಂಡು, ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಬಲಗಡೆಯ ಸೆಂಟರ್ ಬೋಲ್ಟ್ ತುಂಡಾಗಿ, ಹೌಸಿಂಗ್ ಒಂದು ಕಡೆ ಹಿಂದಕ್ಕೆ ಜರುಗಿತು. ಸ್ಟಿಯರಿಂಗ್ ಅನ್ನು ಬಲಕ್ಕೆ ಹಿಡಿದರೆ ಮಾತ್ರ ಗಾಡಿ ನೇರ ಹೋಗುವ ಸ್ಥಿತಿ. ಎರಡನೆಯ ಸಲ ಎಲ್ಲವನ್ನೂ ಬಿಚ್ಚಿ, ಮೊದಲಿನಿಂದ, ಲೆಕ್ಕ ಹಾಕಿ ಮಾಡಿದೆ. ಆ ಎರಡನೆಯ ಸಲದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವೇ ಬ್ರಿಡ್ಜ್‌ಗೆ ಹೋಗಿ

ಯಾವ ಸ್ಪ್ರಿಂಗ್ ಕೊಳ್ಳಲಿ ಎಂದು ಕೇಳುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ನಿಮ್ಮ ಹಿಂದಿನ ಆಕ್ಸಲ್ ಮೇಲೆ ಎಷ್ಟು ಕೆ.ಜಿ. ಇದೆ? ಹತ್ತರಲ್ಲಿ ಒಬ್ಬರೂ ಉತ್ತರ ಹೇಳುವುದಿಲ್ಲ. ಅಂದಾಜಿನ ಮೇಲೆ ಸ್ಪ್ರಿಂಗ್ ಕೊಂಡರೆ ಅಂದಾಜಿನ ಫಲವೇ ಸಿಗುತ್ತದೆ.

ಟ್ಯಾಂಕ್ ತುಂಬಿಸಿ, ಜೊತೆಯಲ್ಲಿ ಬರುವವರನ್ನು ಕೂರಿಸಿ, ಕೆಲಸಕ್ಕೆ ಹೋಗುವಾಗ ಏನೇನು ಇರುತ್ತದೋ ಎಲ್ಲವನ್ನೂ ಹೇರಿಕೊಂಡು ಹೋಗಿ. ಮೂರು ಸಲ ತೂಗಿಸಬೇಕು: ಮುಂದಿನ ಚಕ್ರಗಳು ಮಾತ್ರ ತಟ್ಟೆಯ ಮೇಲೆ, ಆಮೇಲೆ ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರಗಳು ಮಾತ್ರ. ಮುಂದಿನದ್ದೂ ಹಿಂದಿನದ್ದೂ ಕೂಡಿ ಒಟ್ಟಿಗೆ ಹತ್ತಿರ ಬಂದರೆ ತೂಕ ನಂಬಬಹುದು.

ನನ್ನ ಗಾಡಿಯ ಲೆಕ್ಕ ಹೀಗಿತ್ತು. ಮುಂದೆ 1,240, ಹಿಂದೆ 1,950, ಒಟ್ಟು 3,190 ಕೆ.ಜಿ. ತಯಾರಕರ ಫಲಕದಲ್ಲಿ ಬರೆದ ಮಿತಿ: ಒಟ್ಟು 3,050, ಹಿಂದಿನ ಆಕ್ಸಲ್‌ಗೆ 1,800. ಒಟ್ಟಿನಲ್ಲಿ 140 ಹೆಚ್ಚು, ಹಿಂದಿನ ಆಕ್ಸಲ್ ಮೇಲೆ 150 ಹೆಚ್ಚು. ಆ ಚೀಟಿ ಹಿಡಿದು ತುಂಬಾ ಹೊತ್ತು ಸುಮ್ಮನೆ ನಿಂತಿದ್ದೆ. ಇಷ್ಟು ದಿನ ಆ ಭಾರದಲ್ಲಿ ಇಳಿಜಾರು ಇಳಿದದ್ದು ನೆನಪಾಯಿತು.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಸ್ಪ್ರಿಂಗ್ ಬಿರುಸಾಗಿಸಿದರೆ ಗಾಡಿ ಹೊರಬಹುದಾದ ತೂಕ ಹೆಚ್ಚುವುದಿಲ್ಲ. ಬ್ರೇಕ್, ಚಕ್ರದ ಬೇರಿಂಗ್, ಹೌಸಿಂಗ್, ಚಾಸಿ, ರಿಮ್, ಟೈರ್ ಎಲ್ಲವೂ ಹಳೆಯವೇ. ಕೆಲವು ದೇಶಗಳಲ್ಲಿ ಪರೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟು, ಒಟ್ಟು ತೂಕದ ಮಿತಿಯನ್ನು ಏರಿಸಿ ನೋಂದಾಯಿಸುವ ವ್ಯವಸ್ಥೆ ಇದೆ. ಅಂಥ ಕಾಗದ ಕೈಯಲ್ಲಿಲ್ಲದಿದ್ದರೆ ಫಲಕದ ಮಿತಿಯೇ ಮಿತಿ. ಮೇಲೆದ್ದು ನಿಂತ ಗಾಡಿ ಹೆಚ್ಚು ಭಾರವನ್ನು ಮರೆಮಾಚುತ್ತದೆ. ಕುಸಿದು ನಿಂತಿದ್ದಾಗ ಕನಿಷ್ಠ ಕಣ್ಣಿಗಾದರೂ ಕಾಣುತ್ತಿತ್ತು.

ಆದ್ದರಿಂದ ನಾನು ಮೊದಲು ಮಾಡಿದ್ದು ಸಾಮಾನು ಇಳಿಸಿ, ಉಳಿದದ್ದನ್ನು ಜರುಗಿಸುವ ಕೆಲಸ. ಭಾರ ಆಕ್ಸಲ್‌ಗಿಂತ ಹಿಂದೆ ಹೋದಷ್ಟೂ ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ನನ್ನ ಗಾಡಿಯ ಎರಡು ಆಕ್ಸಲ್‌ಗಳ ನಡುವಿನ ದೂರ 3,100 ಮಿ.ಮೀ. 90 ಕೆ.ಜಿ.ಯ ಜನರೇಟರ್ ಹಿಂದಿನ ಆಕ್ಸಲ್‌ನಿಂದ 900 ಮಿ.ಮೀ. ಹಿಂದೆ, ಬಾಗಿಲ ಬಳಿ ಕೂತಿತ್ತು. 90 ಅನ್ನು 4,000ದಿಂದ ಗುಣಿಸಿ 3,100ರಿಂದ ಭಾಗಿಸಿದರೆ 116. ಅಂದರೆ 90 ಕೆ.ಜಿ.ಯ ಯಂತ್ರ ಹಿಂದಿನ ಆಕ್ಸಲ್ ಮೇಲೆ 116 ಕೆ.ಜಿ. ಹೇರಿ, ಮುಂದಿನಿಂದ 26 ಕೆ.ಜಿ. ಎತ್ತುತ್ತಿತ್ತು. ಅದನ್ನೇ ಕ್ಯಾಬಿನ್ ಕಡೆಗೆ, ಆಕ್ಸಲ್‌ಗಿಂತ 500 ಮಿ.ಮೀ. ಮುಂದಕ್ಕೆ ತಂದು ಕೂರಿಸಿದೆ. ಈಗ ಹಿಂದೆ 75, ಮುಂದೆ 15. ಒಂದೂ ಸಾಮಾನು ಬಿಡದೆ ಹಿಂದಿನ ಆಕ್ಸಲ್‌ಗೆ 40 ಕೆ.ಜಿ. ಕಡಿಮೆಯಾಯಿತು. ಇದನ್ನು ಯಾವ ಸ್ಪ್ರಿಂಗೂ ಮಾಡಿಕೊಡಲಾರದು.

ನೀರು ಒಂದು ಲೀಟರಿಗೆ ಒಂದು ಕೆ.ಜಿ. 200 ಲೀಟರ್ ಟ್ಯಾಂಕನ್ನು ಅರ್ಧ ಮಾತ್ರ ತುಂಬಿಸುವುದೆಂದು ತೀರ್ಮಾನಿಸಿದೆ. ಹಿಂಬದಿಯಲ್ಲಿ ವರ್ಷಗಳಿಂದ ಬಿದ್ದಿದ್ದ 50 ಕೆ.ಜಿ. ಪೈಪು ತುಂಡುಗಳನ್ನು ಇಳಿಸಿದೆ. ಮತ್ತೆ ತೂಗಿಸಿದಾಗ ಮುಂದೆ 1,290, ಹಿಂದೆ 1,750, ಒಟ್ಟು 3,040. ಮಿತಿಯೊಳಗೆ ಬಂದಿತ್ತು. ಸ್ಪ್ರಿಂಗ್‌ಗೆ ಇನ್ನೂ ಕೈ ಹಾಕಿರಲಿಲ್ಲ.

ಅಳತೆ ಬರೆದಿಡಿ

ಸಮನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ನೇರವಾಗಿ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಹಿಂದೆ ಬಂಪ್ ಸ್ಟಾಪರ್ ಅಂತರವನ್ನೂ ಬರೆದುಕೊಳ್ಳಿ. ಪ್ಲೇಟುಗಳ ನಡುವಿನ ಉಜ್ಜಾಟದಿಂದ ಲೀಫ್ ಸ್ಪ್ರಿಂಗ್ ಎಲ್ಲೋ ಒಂದು ಕಡೆ ಅಂಟಿ ನಿಂತಿರುತ್ತದೆ. ಹಾಗಾಗಿ ಅಳೆಯುವ ಮುನ್ನ ಗಾಡಿಯನ್ನು ನಾಲ್ಕೈದು ಸಲ ಒತ್ತಿ ಕುಲುಕಿಸಬೇಕು.

ನನ್ನ ಗಾಡಿಯ ಬಂಪ್ ಸ್ಟಾಪರ್ ಅಂತರ ಡೆಕ್ ಪೂರ್ತಿ ಖಾಲಿ ಇದ್ದಾಗ 130 ಮಿ.ಮೀ., ಹಳೆಯ ಭಾರದಲ್ಲಿ 20, ಸಾಮಾನು ಇಳಿಸಿ ಜರುಗಿಸಿದ ಮೇಲೆ 36. ಪೂರ್ತಿ ಭಾರದಲ್ಲಿ ಈ ಅಂತರ 60ಕ್ಕಿಂತ ಕಡಿಮೆ ಇರಬಾರದು ಎಂಬುದು ನನ್ನ ಅನುಭವದ ಲೆಕ್ಕ. ಚಕ್ರ ಮೇಲೇಳಲು ಜಾಗವಿಲ್ಲದಿದ್ದರೆ ಸ್ಪ್ರಿಂಗ್ ಎಷ್ಟು ಒಳ್ಳೆಯದಾದರೂ ಅದು ಕೆಲಸ ಮಾಡುವ ಮೊದಲೇ ರಬ್ಬರಿಗೆ ಬಡಿದಿರುತ್ತದೆ.

ಈಗಿರುವ ಸ್ಪ್ರಿಂಗ್ ಎಷ್ಟು ಬಿರುಸು ಎಂಬುದನ್ನು ಮನೆಯಲ್ಲೇ ತಿಳಿಯಬಹುದು. 20 ಲೀಟರ್‌ನ ಹತ್ತು ನೀರಿನ ಕ್ಯಾನುಗಳನ್ನು ಹಿಂದಿನ ಆಕ್ಸಲ್‌ನ ನೇರ ಮೇಲೆ ಎರಡೂ ಕಡೆ ಸಮವಾಗಿ ಇಡಿ. 200 ಕೆ.ಜಿ., ಅಂದರೆ ಒಂದು ಸ್ಪ್ರಿಂಗ್‌ಗೆ 100. ಖಾಲಿ ಡೆಕ್ಕಿನ ಮೇಲೆ ನನ್ನ ಗಾಡಿ 27 ಮಿ.ಮೀ. ತಗ್ಗಿತು. 100 ಭಾಗಿಸು 27, ಒಂದು ಮಿ.ಮೀ.ಗೆ ಸುಮಾರು 3.7 ಕೆ.ಜಿ. ಭಾರ ಹೆಚ್ಚಿದಂತೆ ಕೆಳಗಿನ ದಪ್ಪ ಪ್ಲೇಟು ಮೇಲಿನವುಗಳಿಗೆ ತಾಗಿ, ಆಮೇಲೆ ಇದು ಏರುತ್ತದೆ. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಮಾರುವವರ ಜೊತೆ ಮಾತನಾಡುವ ಧಾಟಿಯೇ ಬದಲಾಗುತ್ತದೆ.

ಯಾವ ಸ್ಪ್ರಿಂಗ್

ಇಡೀ ಕೆಲಸದಲ್ಲಿ ಹೆಚ್ಚು ಜನ ತಪ್ಪುವುದು ಇಲ್ಲಿ. ವರ್ಷಕ್ಕೆ ನಾಲ್ಕು ಸಲ ಬರುವ ಅತಿ ದೊಡ್ಡ ಭಾರಕ್ಕೆ ಸ್ಪ್ರಿಂಗ್ ಕೊಳ್ಳುತ್ತಾರೆ. ಕೊಳ್ಳಬೇಕಾದದ್ದು ಸದಾ ಇರುವ ಭಾರಕ್ಕೆ. ನನ್ನ ಗೂಡು, ಪೆಟ್ಟಿಗೆಗಳು, ಉಪಕರಣ, ಜನರೇಟರ್, ವೆಲ್ಡಿಂಗ್ ಸೆಟ್ ಇವು ಎಂದೂ ಇಳಿಯದವು. ಬಿಡಿಬಿಡಿಯಾಗಿ ತೂಗಿ ಕೂಡಿದಾಗ ಸುಮಾರು 600 ಕೆ.ಜಿ. ನೀರು, ಪಂಪು, ಜನ ಬಂದು ಹೋಗುವವರು. ತಯಾರಕರು ಸಾಮಾನ್ಯವಾಗಿ ಸ್ಪ್ರಿಂಗ್‌ಗಳನ್ನು ಹೀಗೇ ಮೆಟ್ಟಿಲುಗಳಾಗಿ ವಿಂಗಡಿಸುತ್ತಾರೆ: ಖಾಲಿಯಿಂದ ಹಗುರ, ಸದಾ ಇಷ್ಟು ಕೆ.ಜಿ., ಸದಾ ಅದಕ್ಕಿಂತ ಹೆಚ್ಚು. ನಾನು ಸದಾ 600ರ ಮೆಟ್ಟಿಲನ್ನು ಆರಿಸಿದೆ. ಅದರ ಮೇಲಿನದ್ದನ್ನು ಕೊಳ್ಳುವಂತೆ ಒತ್ತಾಯ ಬಂದರೂ ಒಪ್ಪಲಿಲ್ಲ.

ಬಿರುಸು ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಸ್ಪ್ರಿಂಗ್ ತನ್ನ ಮೇಲಿನ ಭಾರಕ್ಕೆ ಎಷ್ಟು ಮಿ.ಮೀ. ತಗ್ಗಿದೆಯೋ ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿ. ಗಾಡಿ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು ಸಿಗುತ್ತದೆ. 100 ಮಿ.ಮೀ. ತಗ್ಗಿದ್ದರೆ ಸುಮಾರು 1.6 ಸಲ, ಮೈ ತಡೆದುಕೊಳ್ಳುತ್ತದೆ. 50 ಮಿ.ಮೀ. ಮಾತ್ರ ತಗ್ಗಿದ್ದರೆ 2.2 ಸಲ, ಬೆನ್ನು ನೋಯುತ್ತದೆ. 25 ಆದರೆ 3.2, ತಿರುವಿನಲ್ಲಿ ಉಬ್ಬುತಗ್ಗು ಸಿಕ್ಕರೆ ಹಿಂದಿನ ಚಕ್ರಗಳು ನೆಲ ಬಿಟ್ಟು ಕುಣಿದು, ಗಾಡಿ ಪಕ್ಕಕ್ಕೆ ಜಾರುತ್ತದೆ. ಎರಡೆರಡು ಪ್ಲೇಟು ಸೇರಿಸಿದ ಗಾಡಿಯನ್ನು ಒಮ್ಮೆ ಸಾಮಾನೆಲ್ಲ ಇಳಿಸಿ ಓಡಿಸಿದಾಗ ನನಗೆ ಆದದ್ದು ಇದೇ. ಮಳೆ ಬಂದು ನಿಂತ ರಸ್ತೆ ಬೇರೆ.

ಪ್ಲೇಟಿನ ದಪ್ಪದ ವಿಷಯದಲ್ಲೂ ಕಣ್ಣಳತೆ ಸಾಲದು. ಲೀಫ್ ಸ್ಪ್ರಿಂಗ್‌ನಲ್ಲಿ ಬಿರುಸು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ; ದಪ್ಪ ಶೇ 10 ಹೆಚ್ಚಿದರೆ ಬಿರುಸು ಶೇ 33 ಹೆಚ್ಚು. ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್‌ನಲ್ಲಿ ತಂತಿಯ ದಪ್ಪ ಶೇ 10 ಹೆಚ್ಚಿದರೆ ಬಿರುಸು ಶೇ 46 ಹೆಚ್ಚು. ಬರಿಗಣ್ಣಿಗೆ ಒಂದೇ ಥರ ಕಾಣುವ ಎರಡು ಸ್ಪ್ರಿಂಗ್‌ಗಳು ಭಾರದಡಿ ಬೇರೆ ಬೇರೆಯಾಗಿ ನಡೆದುಕೊಳ್ಳುವುದು ಇದಕ್ಕೇ.

ಹಳೆಯ ಕಟ್ಟಿಗೆ ಪ್ಲೇಟು ಸೇರಿಸುವುದು ಪೂರ್ತಿ ತಪ್ಪು ಎನ್ನುವುದಿಲ್ಲ. ಸ್ಪ್ರಿಂಗ್ ಹೊಸದಾಗಿದ್ದು, ಭಾರ ಸ್ವಲ್ಪವೇ ಹೆಚ್ಚಿದ್ದು, ಸೇರಿಸುವ ಪ್ಲೇಟಿನ ಬಾಗು ಹಳೆಯದಕ್ಕೆ ಹೊಂದುವಂತಿದ್ದರೆ ನಡೆಯುತ್ತದೆ. ಲಕ್ಷ ಕಿಲೋಮೀಟರ್ ಓಡಿ ಚಪ್ಪಟೆಯಾದ ಕಟ್ಟಿಗೆ ಹೊಸ ಬಾಗಿನ ಪ್ಲೇಟು ಹಾಕಿದರೆ ಭಾರವೆಲ್ಲ ಆ ಒಂದರ ಮೇಲೆ ಬಿದ್ದು ಅದು ಮುರಿಯುತ್ತದೆ, ಇಲ್ಲವೇ ಎಲ್ಲಕ್ಕಿಂತ ಮೇಲಿನ, ಉದ್ದನೆಯ ಮೈನ್ ಪ್ಲೇಟನ್ನು ಮುರಿಯುತ್ತದೆ. ನಾನು ಎರಡನೆಯ ಸಲ ಇಡೀ ಕಟ್ಟನ್ನೇ ಬದಲಿಸಿದೆ: ಮೊದಲ ಹಂತದಲ್ಲಿ ಮಿ.ಮೀ.ಗೆ 4.8 ಕೆ.ಜಿ., ಮೂಲಕ್ಕಿಂತ ಶೇ 30ರಷ್ಟು ಹೆಚ್ಚು. ಕೊಳ್ಳುವಾಗ ಎರಡನೆಯ ಪ್ಲೇಟು ಮೈನ್ ಪ್ಲೇಟಿನ ಕಣ್ಣನ್ನು (ಬೋಲ್ಟ್ ತೂರುವ ಸುರುಳಿ ತುದಿ) ಸುತ್ತಿ ಹಿಡಿದಿದೆಯೇ ನೋಡಿ. ಮೈನ್ ಪ್ಲೇಟು ಕಣ್ಣಿನ ಬಳಿ ಮುರಿದರೂ ಅದು ಹೌಸಿಂಗ್ ಅನ್ನು ಹಿಡಿದಿಡುತ್ತದೆ.

ಸ್ಪ್ರಿಂಗ್‌ಗೆ ನೆರವಾಗಿ ಹೌಸಿಂಗ್‌ಗೂ ಚಾಸಿಗೂ ನಡುವೆ ಕೂರಿಸುವ ಗಾಳಿಚೀಲಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಇವತ್ತು ಖಾಲಿ, ನಾಳೆ ಭಾರ ಎನ್ನುವವರಿಗೆ ಅವು ಒಳ್ಳೆಯವು. ನನ್ನಂತೆ ಸದಾ ಭಾರ ಹೊತ್ತು ಕಲ್ಲುಹಾದಿಯಲ್ಲಿ ಓಡುವವರಿಗೆ ನಾನು ಬೇಡ ಎನ್ನುತ್ತೇನೆ. ಕಾರಣ ಚಾಸಿ. ಲೀಫ್ ಸ್ಪ್ರಿಂಗ್ ತನ್ನ ಭಾರವನ್ನು ಮುಂದಿನ ಕೊಂಡಿ, ಹಿಂದಿನ ಶಾಕಲ್ (ತೂಗಾಡುವ ಕೊಂಡಿ) ಎಂಬ ಎರಡು ದೂರದ ಜಾಗಗಳಲ್ಲಿ ಹಂಚಿ ಚಾಸಿಗೆ ಕೊಡುತ್ತದೆ. ಹೌಸಿಂಗ್ ಮೇಲೆ ಕೂತ ಗಾಳಿಚೀಲ ಆ ಭಾರದ ಪಾಲನ್ನು ಎರಡರ ನಡುವೆ, ಒಂದೇ ಜಾಗದಲ್ಲಿ ಮೇಲಕ್ಕೆ ಗುದ್ದುತ್ತದೆ. ಹಿಂದೆ ಬಾಲದ ಭಾರ ಕೆಳಗೆಳೆಯುತ್ತಿರುತ್ತದೆ, ನಡುವೆ ಚೀಲ ಮೇಲಕ್ಕೆ ಒತ್ತುತ್ತಿರುತ್ತದೆ. ನನ್ನ ಪರಿಚಯದವರೊಬ್ಬರ ಗಾಡಿಯ ಚಾಸಿ ಕ್ಯಾಬಿನ್‌ನ ಹಿಂದೆಯೇ ಬಾಗಿ, ಕ್ಯಾಬಿನ್‌ಗೂ ಡೆಕ್ಕಿಗೂ ನಡುವಿನ ಸಂದು ಮೇಲೆ ಅಗಲವಾಗಿ ಕೆಳಗೆ ಕಿರಿದಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಕಲೇಬೇಕಾದರೆ ಎರಡು ಎಚ್ಚರಿಕೆ: ಎಡಬಲದ ಕೊಳವೆಗಳು ಬೇರೆ ಬೇರೆ ಇರಲಿ, ಇಲ್ಲದಿದ್ದರೆ ತಿರುವಿನಲ್ಲಿ ಒತ್ತಿಕೊಂಡ ಕಡೆಯ ಗಾಳಿ ಇನ್ನೊಂದು ಕಡೆಗೆ ಓಡಿ ವಾಲುವಿಕೆ ಹೆಚ್ಚುತ್ತದೆ; ಮತ್ತು ತಯಾರಕರು ಹೇಳಿದ ಕನಿಷ್ಠ ಗಾಳಿ ಖಾಲಿ ಇದ್ದಾಗಲೂ ಇರಬೇಕು.

ಶಾಕ್ ಅಬ್ಸಾರ್ಬರ್

ಇದು ಭಾರ ಹೊರುವುದಿಲ್ಲ. ಸ್ಪ್ರಿಂಗ್‌ನ ಓಟವನ್ನು ತಡೆದು, ಆ ಶಕ್ತಿಯನ್ನು ಶಾಖವಾಗಿ ಹೊರಹಾಕುವುದು ಅದರ ಕೆಲಸ. ಬಿರುಸಾದ ಸ್ಪ್ರಿಂಗ್ ಒತ್ತಿಕೊಂಡ ಮೇಲೆ ಹೆಚ್ಚು ಬಲದಿಂದ ಮರಳಿ ಚಿಮ್ಮುತ್ತದೆ; ಹಳೆಯ ಶಾಕ್‌ಗೆ ಆ ಚಿಮ್ಮುವಿಕೆಯನ್ನು ಹಿಡಿಯುವ ತಾಕತ್ತು ಇರುವುದಿಲ್ಲ. ಭಾರ ಅಷ್ಟೇ ಇದ್ದು ಸ್ಪ್ರಿಂಗ್ ಮಾತ್ರ ಶೇ 30 ಬಿರುಸಾದರೂ, ಮೊದಲಿನಷ್ಟೇ ಹಿಡಿತ ಸಿಗಲು ಶಾಕ್‌ನ ತಡೆ ಶೇ 14ರಷ್ಟು ಹೆಚ್ಚಬೇಕು. ಆದ್ದರಿಂದ ಸ್ಪ್ರಿಂಗ್ ಮತ್ತು ಶಾಕ್ ಅನ್ನು ಒಟ್ಟಿಗೆ, ಒಂದಕ್ಕೊಂದು ಹೊಂದುವಂತೆ ಕೊಳ್ಳಿ. ನನ್ನ ಮೊದಲ ಪ್ರಯತ್ನ ಕೆಟ್ಟದ್ದರಲ್ಲಿ ಅರ್ಧ ಪಾಲು ಇದರದ್ದೇ.

ಅಲೆ ಅಲೆಯಾದ ಮಣ್ಣುರಸ್ತೆಯಲ್ಲಿ ಶಾಕ್ ನಿಮಿಷಕ್ಕೆ ನೂರಾರು ಸಲ ಆಡುತ್ತದೆ. ಒಳಗಿನ ಎಣ್ಣೆ ಕಾದು ತೆಳುವಾಗಿ, ನೊರೆಗಟ್ಟಿ, ತಡೆಯುವ ಶಕ್ತಿ ಕುಂದುತ್ತದೆ. ಒಂದೇ ಕೊಳವೆಯ ಗ್ಯಾಸ್ ಶಾಕ್‌ನಲ್ಲಿ ಎಣ್ಣೆಯ ಕೊಳವೆ ನೇರವಾಗಿ ಗಾಳಿಗೆ ತೆರೆದಿರುವುದರಿಂದ ಶಾಖ ಬೇಗ ಹೋಗುತ್ತದೆ. ಆದರೆ ಕಲ್ಲು ಬಡಿದು ಆ ಕೊಳವೆ ಜಜ್ಜಿದರೆ ಒಳಗಿನ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯದ್ದು ಶಾಖದಲ್ಲಿ ಹಿಂದೆ, ಪೆಟ್ಟು ತಾಳುವುದರಲ್ಲಿ ಮುಂದೆ. ನಾನು ದೊಡ್ಡ ಗಾತ್ರದ ಎರಡು ಕೊಳವೆಯದ್ದನ್ನೇ ಹಾಕಿದೆ, ಏಕೆಂದರೆ ನನ್ನ ದಾರಿಗಳಲ್ಲಿ ವೇಗ ಕಡಿಮೆ, ಕಲ್ಲು ಹೆಚ್ಚು.

ಉದ್ದವನ್ನು ತಪ್ಪದೆ ಪರೀಕ್ಷಿಸಿ. ಹೌಸಿಂಗ್ ಬಂಪ್ ಸ್ಟಾಪರ್‌ಗೆ ತಾಗಿದಾಗಲೂ ಶಾಕ್ ಪೂರ್ತಿ ಮುಚ್ಚಿಕೊಂಡಿರಬಾರದು. ಮುಚ್ಚಿಕೊಂಡರೆ ಇಡೀ ಗಾಡಿಯ ಪೆಟ್ಟು ಅದರ ತಳಕ್ಕೆ ಬೀಳುತ್ತದೆ. ಕೆಟ್ಟಿದೆಯೇ ಎಂದು ತಿಳಿಯಲು ನಾನು ಮಾಡುವುದು ಇಷ್ಟೇ: ಕೆಟ್ಟ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ನಾಲ್ಕಕ್ಕೂ ಕೈಯನ್ನು ಹತ್ತಿರ ಹಿಡಿದು ನೋಡುತ್ತೇನೆ. ಮುಟ್ಟಬೇಡಿ, ಸುಡುತ್ತದೆ. ಜೋಡಿಯಲ್ಲಿ ಒಂದು ಬಿಸಿಯಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಕೆಲಸ ಬಿಟ್ಟಿದೆ.

ಮುಂಭಾಗ

ಮುಂದೆ ಭಾರ ಸೇರದಿದ್ದರೆ ಕಾಯಿಲ್ ಸ್ಪ್ರಿಂಗ್ ಬದಲಿಸುವ ಅಗತ್ಯವೇ ಇರುವುದಿಲ್ಲ. ಕಬ್ಬಿಣದ ಬಂಪರ್, ವಿಂಚ್ ಹಾಕಿದ್ದರೆ ಅವುಗಳ ತೂಕಕ್ಕೆ ತಕ್ಕ ಸ್ಪ್ರಿಂಗ್ ಬೇಕು. ಬೇರೆ ಬೇರೆ ತೋಳುಗಳ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ 40–50 ಮಿ.ಮೀ.ಗಿಂತ ಹೆಚ್ಚು ಎತ್ತಬೇಡಿ ಎಂಬುದು ನನ್ನ ಸಲಹೆ. ಅದರಾಚೆ ಡ್ರೈವ್ ಶಾಫ್ಟ್‌ಗಳು ಕಡಿದಾಗಿ ಬಾಗಿ ಕೊನೆಯ ಜಾಯಿಂಟ್‌ಗಳು ಬೇಗ ಸವೆಯುತ್ತವೆ, ಚಕ್ರ ಕೆಳಗಿಳಿಯುವ ಓಟ ಉಳಿಯುವುದಿಲ್ಲ, ಕ್ಯಾಸ್ಟರ್ ಕೋನ (ಚಕ್ರ ಎಡಬಲ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವಷ್ಟು) ಕಡಿಮೆಯಾಗಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕಳೆದುಕೊಳ್ಳುತ್ತದೆ. ಮೂಲ ತೋಳಿನಲ್ಲಿ ಕ್ಯಾಸ್ಟರ್ ಸರಿಪಡಿಸಲು ಆಗದಿದ್ದರೆ ಮೇಲಿನ ತೋಳನ್ನು ಬದಲಿಸಬೇಕಾಗುತ್ತದೆ.

ಶಾಕ್ ಸುತ್ತ ಕೂತ ಕಾಯಿಲ್ ಸ್ಪ್ರಿಂಗ್ ಅನ್ನು ಒತ್ತಿ ಬಿಚ್ಚುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ನಾನು ಇಪ್ಪತ್ತು ವರ್ಷಗಳಿಂದ ಪಾನಾ ಹಿಡಿದವನು. ಆದರೂ ಅದನ್ನು ಗಟ್ಟಿಯಾದ ಪ್ರೆಸ್ ಇರುವ ಕಡೆಗೇ ಒಯ್ಯುತ್ತೇನೆ. ಒತ್ತಿ ಹಿಡಿದ ಸ್ಪ್ರಿಂಗ್ ತಪ್ಪಿಸಿಕೊಂಡರೆ ಎದುರಿದ್ದವರ ಪ್ರಾಣಕ್ಕೇ ಅಪಾಯ.

ಹಿಂದಿನ ಸ್ಪ್ರಿಂಗ್ ಕಟ್ಟು ಬದಲಿಸುವುದು

ಹಿಂದಿನ ದಿನವೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಡೆಕ್ ಖಾಲಿ ಮಾಡಿ. ಗಟ್ಟಿ ಸಮನೆಲದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಟ್ಟು, ಚಾಸಿಯನ್ನು ಎತ್ತಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಹೌಸಿಂಗ್‌ಗೆ ಬೇರೆ ಜಾಕ್ ಬೇಕು, ಏಕೆಂದರೆ ಅದನ್ನು ಏರಿಸುತ್ತ ಇಳಿಸುತ್ತ ಕೆಲಸ ಮಾಡಬೇಕಾಗುತ್ತದೆ.

ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ. ಇನ್ನೊಂದು ಕಡೆ ಹೌಸಿಂಗ್ ಅನ್ನು ಜಾಗದಲ್ಲಿ ಹಿಡಿದಿರುತ್ತದೆ. ಶಾಕ್‌ನ ಕೆಳತುದಿ ಬಿಡಿಸಿ, ಯು-ಬೋಲ್ಟ್ ತೆಗೆದು, ಹೌಸಿಂಗ್ ಅನ್ನು ನಿಧಾನವಾಗಿ ಇಳಿಸಿ. ಇಳಿಸುವಾಗ ಕಣ್ಣು ಬ್ರೇಕ್ ಪೈಪಿನ ಮೇಲಿರಲಿ. ಅದು ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಅದರ ಕ್ಲಿಪ್ ಬಿಡಿಸಿಕೊಳ್ಳಿ. ಆಮೇಲೆ ಶಾಕಲ್ ಬೋಲ್ಟ್, ಕೊನೆಗೆ ಮುಂದಿನ ಕೊಂಡಿಯ ಬೋಲ್ಟ್. ಕಟ್ಟು ತುಂಬಾ ಭಾರ, ಇಬ್ಬರು ಹಿಡಿಯಿರಿ.

ಹೊಸ ಕಟ್ಟುಗಳ ಮೇಲಿನ ಗುರುತು ನೋಡಿ. ಚಾಲಕನ ಕಡೆಗೆ ಬೇರೆ, ಇನ್ನೊಂದು ಕಡೆಗೆ ಬೇರೆ ಎತ್ತರದವು ಬರುವುದುಂಟು. ಹೌಸಿಂಗ್ ಮೇಲಿನ ಕೂರುವ ಪೀಠವನ್ನು ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ. ಮೊದಲು ಮುಂದಿನ ಕಣ್ಣು, ಆಮೇಲೆ ಶಾಕಲ್, ಎರಡನ್ನೂ ಕೈಯಲ್ಲಿ ತಿರುಗಿಸುವಷ್ಟೇ ಬಿಗಿಮಾಡಿ. ಹೌಸಿಂಗ್ ಏರಿಸುವಾಗ ಸೆಂಟರ್ ಬೋಲ್ಟ್‌ನ ತಲೆ ಪೀಠದ ರಂಧ್ರದಲ್ಲಿ ಪೂರ್ತಿ ಕೂತಿದೆಯೇ ಎಂದು ಬೆರಳಿನಿಂದಲ್ಲ, ಟಾರ್ಚ್ ಹಿಡಿದು ಕಣ್ಣಿನಿಂದ ನೋಡಿ. ಅಂಚಿನ ಮೇಲೆ ಕೂತರೆ ಬೋಲ್ಟ್ ಬಿಗಿಯಾದಂತೆ ಅನಿಸುತ್ತದೆ. ಮೊದಲ ಗುಂಡಿಯಲ್ಲಿ ಜರುಗುತ್ತದೆ.

ಯು-ಬೋಲ್ಟ್ ಹೊಸದೇ ಬೇಕು. ಬಿಗಿಮಾಡಿದಾಗ ಅದು ಹಿಗ್ಗಿ, ಆ ಹಿಗ್ಗಿನ ಎಳೆತದಿಂದಲೇ ಕಟ್ಟನ್ನು ಅಪ್ಪಿ ಹಿಡಿಯುತ್ತದೆ. ಒಮ್ಮೆ ಹಿಗ್ಗಿ ಬಿಚ್ಚಿದ್ದಕ್ಕೆ ಆ ಹಿಡಿತ ಮತ್ತೆ ಬರುವುದಿಲ್ಲ. ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಮೂರು ಸುತ್ತಿನಲ್ಲಿ, ಟಾರ್ಕ್ ಪಾನಾದಿಂದ ತಯಾರಕರು ಹೇಳಿದ ಅಳತೆಗೆ ಬಿಗಿಮಾಡಿ. ಹಿಡಿತ ಕಳೆದರೆ ಸೆಂಟರ್ ಬೋಲ್ಟ್ ಒಂದೇ ಇಡೀ ಹೌಸಿಂಗ್ ಅನ್ನು ತಡೆಯಬೇಕಾಗುತ್ತದೆ, ಅದು ಅದಕ್ಕಾಗಿ ಮಾಡಿದ್ದಲ್ಲ.

ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಸದಾ ಇರುವ ಸಾಮಾನು ಹೇರಿ, ಕುಲುಕಿಸಿ. ಈಗ, ಈ ಎತ್ತರದಲ್ಲಿ, ಕಣ್ಣಿನ ಮತ್ತು ಶಾಕಲ್‌ನ ಬೋಲ್ಟ್‌ಗಳನ್ನು ಪೂರ್ತಿ ಬಿಗಿಮಾಡಿ. ರಬ್ಬರ್ ಬುಷ್ ತಾನು ಬಿಗಿಗೊಂಡ ಸ್ಥಿತಿಯಿಂದ ಎರಡೂ ಕಡೆ ತಿರುಚಿಕೊಳ್ಳುತ್ತದೆ. ಚಕ್ರ ತೂಗುಬಿದ್ದಾಗ ಬಿಗಿಮಾಡಿದರೆ, ಗಾಡಿ ಇಳಿದ ಕೂಡಲೇ ಅದು ಪೂರ್ತಿ ತಿರುಚಿಕೊಂಡು, ಅದೇ ನೋವಿನಲ್ಲಿ ದಿನವಿಡೀ ಓಡಿ ಬೇಗ ಹರಿಯುತ್ತದೆ. ಹೊಸ ಸ್ಪ್ರಿಂಗ್ ಹಾಕಿಸಿ ಆರು ತಿಂಗಳಲ್ಲೇ ಕಿರ್ ಕಿರ್ ಎನ್ನುತ್ತಿದೆ ಎಂದು ಬಂದವರ ಗಾಡಿಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ಶಾಕಲ್ ಭಾರದಲ್ಲಿ ಸ್ವಲ್ಪ ಹಿಂದಕ್ಕೆ ಓರೆಯಾಗಿರಬೇಕು. ಸ್ಪ್ರಿಂಗ್ ಚಪ್ಪಟೆಯಾಗುವಾಗ ಉದ್ದವಾಗಲು ಅದಕ್ಕೆ ದಾರಿ ಬೇಕು.

ಬ್ರೇಕನ್ನು ಮರೆಯಬೇಡಿ

ಕೆಲಸ ಮುಗಿಯಿತೆಂದು ಕೀಲಿ ತಿರುಗಿಸುವ ಮುನ್ನ ಹಿಂದಿನ ಹೌಸಿಂಗ್‌ನಿಂದ ಚಾಸಿಗೆ ಹೋಗುವ ಸಣ್ಣ ಸರಳೊಂದು ನಿಮ್ಮ ಗಾಡಿಯಲ್ಲಿದೆಯೇ ನೋಡಿ. ಅದರ ತುದಿಯಲ್ಲಿ ಒಂದು ಕವಾಟವಿರುತ್ತದೆ. ಹೌಸಿಂಗ್‌ಗೂ ಚಾಸಿಗೂ ನಡುವಿನ ಅಂತರ ಕಿರಿದಾದರೆ ಭಾರವಿದೆ ಎಂದು ತಿಳಿದು ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತದೆ; ಅಂತರ ಹೆಚ್ಚಿದರೆ ಖಾಲಿ ಎಂದು ತಿಳಿದು ಕಡಿತ ಮಾಡುತ್ತದೆ. ಹೊಸ ಸ್ಪ್ರಿಂಗ್ ಗಾಡಿಯನ್ನು ಎತ್ತಿ ನಿಲ್ಲಿಸಿದೆ. ಸಾವಿರ ಕೆ.ಜಿ. ಹೊತ್ತ ಗಾಡಿಯನ್ನು ಈ ಕವಾಟ ಖಾಲಿ ಎಂದು ನಂಬಿ, ಹಿಂದಿನ ಬ್ರೇಕನ್ನು ಹಿಡಿದಿಡುತ್ತದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕುಗಳು ಒಂಟಿಯಾಗಿ ಹೆಣಗಿ ಕಾಯುತ್ತವೆ. ಎಷ್ಟು ಎತ್ತಿದ್ದೀರೋ ಅಷ್ಟಕ್ಕೆ ತಕ್ಕ ಬ್ರಾಕೆಟ್ ಹಾಕಿ ಸರಳಿನ ಜಾಗ ಸರಿಪಡಿಸಬೇಕು, ನಂತರ ಬ್ರೇಕ್ ಕೆಲಸ ಬಲ್ಲವರಿಂದ ಒತ್ತಡ ಪರೀಕ್ಷೆ ಮಾಡಿಸಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಇದನ್ನು ಯಾರೂ ನೋಡಿರಲಿಲ್ಲ. ಹೊಸ ಗಾಡಿಗಳಲ್ಲಿ ಈ ಕೆಲಸ ಎಲೆಕ್ಟ್ರಾನಿಕ್ ವ್ಯವಸ್ಥೆಯದ್ದು, ಸರಳು ಇರುವುದಿಲ್ಲ.

ಇನ್ನು ಉಳಿದವು ಬೇಗ ಮುಗಿಯುತ್ತವೆ. ಚಕ್ರ ಪೂರ್ತಿ ತೂಗುಬಿದ್ದಾಗ ಬ್ರೇಕ್ ಪೈಪು, ಎಬಿಎಸ್ ತಂತಿ, ಹೌಸಿಂಗ್‌ನ ಗಾಳಿಕೊಳವೆ, ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಬಾರದು. ಹೊರಡುವಾಗ ಕೆಳಗಿನಿಂದ ನಡುಕ ಬಂದರೆ ಹಿಂದಿನ ಆಕ್ಸಲ್‌ಗೆ ಎಂಜಿನ್ನಿನ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗಿದೆ. ನಡುವಿನ ಬೇರಿಂಗ್ ಅನ್ನು ಸ್ವಲ್ಪ ಇಳಿಸಿ ಅಥವಾ ಪೀಠದಲ್ಲಿ ಓರೆತುಂಡು ಇಟ್ಟು ಸರಿಪಡಿಸುತ್ತಾರೆ. ವೀಲ್ ಅಲೈನ್‌ಮೆಂಟ್ ಅನ್ನು ಭಾರ ಹೇರಿಕೊಂಡೇ ಮಾಡಿಸಿ. ಹೆಡ್‌ಲೈಟ್‌ಗಳನ್ನು ಭಾರದಲ್ಲಿ ನಿಲ್ಲಿಸಿ ಹೊಂದಿಸಿ. ಟೈರಿನ ಪಕ್ಕದಲ್ಲಿ ಬರೆದ ಭಾರದ ಸೂಚ್ಯಂಕವನ್ನೂ ಓದಿ: 112 ಎಂದರೆ ಒಂದು ಟೈರಿಗೆ 1,120 ಕೆ.ಜಿ., 116 ಎಂದರೆ 1,250, 121 ಎಂದರೆ 1,450. ಅದೂ ಹೇಳಿದಷ್ಟು ಗಾಳಿ ಇದ್ದಾಗ ಮಾತ್ರ.

100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 1,000ಕ್ಕೆ ಇನ್ನೊಮ್ಮೆ ಯು-ಬೋಲ್ಟ್‌ಗಳಿಗೆ ಟಾರ್ಕ್ ಪಾನಾ ಹಾಕಿ. ನನ್ನದು ಮೊದಲ ಸಲ ನಾಲ್ಕರಲ್ಲಿ ಮೂರು ನಟ್ಟುಗಳು ಕಾಲು ಸುತ್ತು ತಿರುಗಿದವು, ಎರಡನೆಯ ಸಲ ಒಂದೂ ಅಲುಗಲಿಲ್ಲ.

ಹೊಸ ಕಟ್ಟು ಹಾಕಿದ ದಿನ, 1,750 ಕೆ.ಜಿ. ಹಿಂದಿನ ಭಾರದಲ್ಲಿ ಬಂಪ್ ಸ್ಟಾಪರ್ ಅಂತರ 83 ಮಿ.ಮೀ. ಬಂತು. ಹೊಸ ಸ್ಪ್ರಿಂಗ್ ಮೊದಲ ಕೆಲವು ಸಾವಿರ ಕಿಲೋಮೀಟರ್‌ನಲ್ಲಿ ಸ್ವಲ್ಪ ಕೂರುತ್ತದೆ. 5,000ಕ್ಕೆ 75ಕ್ಕೆ ಇಳಿದು ಅಲ್ಲೇ ನಿಂತಿದೆ. ಎಡಗಡೆ ಬಲಕ್ಕಿಂತ 6 ಮಿ.ಮೀ. ತಗ್ಗಿತ್ತು. ವೆಲ್ಡಿಂಗ್ ಸೆಟ್ ಎಡಗಡೆ ಇತ್ತು. ಅದನ್ನು ಬಲಕ್ಕೆ ಜರುಗಿಸಿದ ಮೇಲೆ ಎರಡೂ ಸಮವಾದವು.